ಕೊಪ್ಪರಿಗೆ ಇಳಿದು ಕಾರು ಏರಿದ್ದು

ನಮ್ಮ ಮನೆಯ ಕಾರು ಮೇಲಕ್ಕೆ ಹೋಯಿತು. ರಸ್ತೆಯಲ್ಲಿ ಮುಂದಕ್ಕಲ್ಲ, ನಿಂತಲ್ಲೇ ಮೇಲಕ್ಕೆ. ಎತ್ತಿದವಳು ನನ್ನ ಮೊಮ್ಮಗಳು. ಅವಳು ಗುಂಡಿ ಒತ್ತಿದಳು, ಕಾರು ಕಟ್ ಕಟ್ ಎಂದು ಸದ್ದು ಮಾಡುತ್ತ ನನ್ನ ತಲೆಗಿಂತ ಎತ್ತರಕ್ಕೆ ಹೋಗಿ ನಿಂತಿತು. ಬೀಳಲಿಲ್ಲ. ಇದನ್ನು ನಾನು ಆ ದಿನವೇ ಐರೋಲಿಯ ನಮ್ಮ ಸಾಲುಮನೆಗಳ ಎಲ್ಲ ಬಾಗಿಲಿಗೂ ಹೋಗಿ ಹೇಳಿ ಬಂದೆ. ಒಂದು ಮನೆಗೆ ಬೀಗ ಹಾಕಿತ್ತು, ಅದರ ಪಾಲಿನದನ್ನು ವಾಚ್‌ಮನ್‌ಗೆ ಹೇಳಿದೆ. ಅವನು "ಅಚ್ಛಾ" ಎಂದ. ನನಗೆ ಅಷ್ಟು ಸಾಕಾಗಲಿಲ್ಲ. ಅದಕ್ಕೆ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಊರಿನಲ್ಲಿ ನಾಲ್ಕನೆಯ ಕ್ಲಾಸಿನವರೆಗೆ. ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ಗ್ಲಾಸು ತೊಳೆದು, ಕೊನೆಗೆ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸಿದವನು. ಬರವಣಿಗೆಯಲ್ಲಿ ಎಲ್ಲಾದರೂ ಉಪ್ಪು ಹೆಚ್ಚಾಗಿದ್ದರೆ ಸುಧಾರಿಸಿಕೊಳ್ಳಬೇಕು.

ಮೊಮ್ಮಗಳು ಆಟೊಮೊಬೈಲ್ ಡಿಪ್ಲೊಮಾ ಮಾಡಿದ್ದಾಳೆ. ಕಾರಿನ ಕೆಳಗೆ ಹೊಕ್ಕರೆ ಮಾತ್ರ ಅವಳಿಗೆ ಸಮಾಧಾನ. ಮನೆಯ ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಮೊದಲು ಅಪ್ಪನ ಕಾರು ರಿಪೇರಿ ಮಾಡಿದಳು, ಆಮೇಲೆ ಪಕ್ಕದ ಮನೆಯವರದು, ಮತ್ತೆ ಅವರ ಭಾವನದು. ಒಂದು ದಿನ ಚಹಾಕ್ಕೆ ಕರೆದೆ. "ಆತೀ ಹೂಂ ಅಜ್ಜಾ" ಎಂದು ಹೊರಗೆ ಬಂದಳು. ಅವಳು ಗ್ಲಾಸಿಗೆ ಕೈ ಚಾಚುವಷ್ಟರಲ್ಲಿ ಹಿಂದೆ ಜಾಕ್ ಜಾರಿ ಕಾರು ನೆಲಕ್ಕೆ ಕೂತಿತು. ಚಹಾ ಮಾಡುವುದು ಒಂದು ವಿದ್ಯೆಯೇ ಅಲ್ಲ ಎಂದು ಕ್ಯಾಂಟೀನಿನಲ್ಲಿ ಎಷ್ಟೋ ಜನ ನನಗೆ ಹೇಳಿದ್ದರು. ಅವರಲ್ಲಿ ಒಬ್ಬರೂ ಆಗ ಅಲ್ಲಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಮಗ, ಎಂದರೆ ಅವಳ ಅಪ್ಪ, ಮಾತು ತೆಗೆದ.

"ಕಾರು ಎತ್ತುವ ಸರಿಯಾದ ಲಿಫ್ಟ್ ಹಾಕಿ ನಿಂತು ಕೆಲಸ ಮಾಡುವುದಾದ್ರೆ ಮಾಡು. ಮಲಗಿ ಮಾಡುವುದು ಇವತ್ತಿಗೆ ಮುಗೀತು. ಗ್ಯಾರೇಜಿನಲ್ಲಿ ಲಿಫ್ಟ್ ಹಿಡಿಸುವುದಿಲ್ಲ ಅಂತಾದ್ರೆ ಜನವರಿಯಿಂದ ಖಾರಘರದ ಆಫೀಸು."

ಖಾರಘರದಲ್ಲಿ ಅವನ ಗೆಳೆಯನ ಇನ್ಶೂರೆನ್ಸ್ ಆಫೀಸು ಇತ್ತು. ಅಪಘಾತವಾದ ಕಾರಿನ ಫೋಟೊ ನೋಡಿ ಎಲ್ಲೆಲ್ಲಿ ನೆಗ್ಗಿದೆ ಎಂದು ಬರೆಯುವ ಕೆಲಸ. ಹಸಿದವರಿಗೆ ಊಟದ ಫೋಟೊ ತೋರಿಸಿದ ಹಾಗೆ. ಮೊಮ್ಮಗಳು ಮೊಸರನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. ಕೊನೆಗೆ ತಟ್ಟೆ ಹಾಗೆಯೇ ಎತ್ತಿಕೊಂಡು ಎದ್ದಳು. ನಮ್ಮ ಮನೆಯಲ್ಲಿ ಅನ್ನ ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಜಗಳ ಬೇರೆ ಇಲ್ಲ.

ಹಾಗೆ ಲಿಫ್ಟ್ ಆರಿಸಲು ನಾನೂ ಅವಳೂ ರಬಾಳೆಯ ಒಂದು ಅಂಗಡಿಗೆ ಹೊರಟೆವು. ಹೆಂಡತಿ ಗೇಟಿನವರೆಗೆ ಬಂದು ಅಪ್ಪಣೆ ಕೊಟ್ಟಳು.

"ಅಂಗಡಿಯವ ಹೇಳಿದ್ದನ್ನೆಲ್ಲ ನಂಬ್ಲಿಕ್ಕೆ ಹೋಗ್ಬೇಡಿ. ಕಾರು ಎತ್ಲಿಕ್ಕೆ ಹೇಳಿ, ಅದರ ಕೆಳಗೆ ನೀವು ನಿಂತ್ಕೊಳ್ಳಿ. ಇಡ್ಲಿ ಬೇಯುವಷ್ಟು ಹೊತ್ತು."

"ಬಿದ್ರೆ?"

"ಬಿದ್ರೆ ತಕೊಳ್ಬೇಡಿ."

ಅಂಗಡಿಯಲ್ಲಿದ್ದವನು ದಿನಾ ಕಲ್ಯಾಣದಿಂದ ಬರುವವನು, ಮೂಲ ವಿಜಯಪುರದ ಕಡೆ. ನಾವು ಕನ್ನಡ ಮಾತಾಡಿದ್ದು ಕೇಳಿ ಫ್ಯಾನು ನಮ್ಮ ಕಡೆ ತಿರುಗಿಸಿದ. ಮೊದಲು ನಾಲ್ಕು ಕಂಬದ ಲಿಫ್ಟ್ ತೋರಿಸಿದ. ಕಾರು ಅದರ ಹಲಗೆಯ ಮೇಲೆ ಮಂಚ ಹತ್ತಿದ ಹಾಗೆ ಹತ್ತಿ ನಿಲ್ಲುತ್ತದೆ. ನನಗೆ ಕಂಡ ಕೂಡಲೇ ಮನಸ್ಸಿಗೆ ಬಂತು. ನಾಲ್ಕು ಕಾಲಿದ್ದದ್ದು ಎರಡು ಕಾಲಿದ್ದದ್ದಕ್ಕಿಂತ ಗಟ್ಟಿ.

"ಅಜ್ಜಾ, ಇದ್ರಲ್ಲಿ ಚಕ್ರ ಹಲಗೆ ಮೇಲೇ ಇರ್ತದೆ. ಚಕ್ರ ಬಿಚ್ಬೇಕಾದ್ರೆ ಮತ್ತೆ ಜಾಕ್ ಬೇಕು," ಎಂದಳು.

ಜಾಕ್ ಎಂದ ಕೂಡಲೇ ನಾನು ಮಂಚ ಬಿಟ್ಟೆ.

ಎರಡನೆಯದು ಕತ್ತರಿ ಲಿಫ್ಟು. ನೆಲದಿಂದ ಕತ್ತರಿಯ ಹಾಗೆ ಬಿಚ್ಚಿಕೊಂಡು ಕಾರನ್ನು ಸೊಂಟದ ಎತ್ತರಕ್ಕೆ ತರುತ್ತದೆ. ಕೆಲಸ ಮಾಡುವವರು ಸ್ಟೂಲಿನ ಮೇಲೆ ಕೂತು ಕತ್ತು ಬಗ್ಗಿಸಬೇಕು. ಮೂರನೆಯದು ಎರಡು ಕಂಬದ್ದು. ಎರಡೂ ಬದಿಯಿಂದ ತೋಳು ಚಾಚಿ ಕಾರಿನ ಹೊಟ್ಟೆ ಹಿಡಿದು, ಮಗುವನ್ನು ಸ್ನಾನಕ್ಕೆ ಎತ್ತಿದ ಹಾಗೆ ಎತ್ತುತ್ತದೆ. ನಾಲ್ಕೂ ಚಕ್ರ ಗಾಳಿಯಲ್ಲಿ. ಮೊಮ್ಮಗಳು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ದೇವಸ್ಥಾನದಲ್ಲಿ ಅವಳು ಹಾಗೆ ಹಾಕಿದ್ದು ನಾನು ಕಂಡಿಲ್ಲ.

"ತೊಳೀಲಿಕ್ಕೆ ಸುಲಭವಾ?" ಎಂದು ಕೇಳಿದೆ.

"ಇಷ್ಟ್ ವರ್ಷದಾಗ ಯಾರೂ ಇದನ್ನ ಕೇಳಿದ್ದಿಲ್ರೀ ಅಜ್ಜಾರ," ಎಂದ ಅಂಗಡಿಯವ.

ನಾನು ಹೋಗಿ ಎತ್ತಿದ ಕಾರಿನ ಕೆಳಗೆ ನಿಂತೆ. ಕರೆಂಟು ಹೋದರೆ ಹೇಗೆ ಎಂದು ಕೇಳಿದ್ದಕ್ಕೆ ಅವನು ಮೇನ್ ಸ್ವಿಚ್ಚೇ ಬಂದ್ ಮಾಡಿ ತೋರಿಸಿದ. "ಬೀಳಂಗಿಲ್ರೀ. ಒಳಗ ಲಾಕ್ ಐತಿ." ಸರಿ ಎಂದು ನಿಂತೇ ಇದ್ದೆ. ಫ್ಯಾನು ನಿಂತಿತ್ತು, ಅವನಿಗೆ ಸೆಖೆಯಾಯಿತು. ಸ್ವಲ್ಪ ಹೊತ್ತು ನೋಡಿ ನನಗೊಂದು ಕುರ್ಚಿ ತಂದಿಟ್ಟ, ಕೂತೆ. ಬೇರೆ ಗಿರಾಕಿ ಬಂದು ನನ್ನನ್ನೂ ಮೇಲಿನ ಕಾರನ್ನೂ ನೋಡಿದ. "ಟೆಸ್ಟಿಂಗ್ ಚಾಲೂ ಹೈ," ಎಂದು ಅಂಗಡಿಯವ ಅವನಿಗೆ ಹೇಳಿದ. ಇಡ್ಲಿ ಬೆಂದಿರಬಹುದು ಅನ್ನಿಸಿದ ಮೇಲೆ ಎದ್ದೆ.

"ಇದೇ ಇರಲಿ," ಎಂದೆ.

"ಮನಿ ಗ್ಯಾರೇಜಿನ ಎತ್ತರ ಎಷ್ಟ್ ಐತ್ರೀ?"

ಮೊಮ್ಮಗಳು ಒಮ್ಮೆ ನನ್ನ ಮುಖ ನೋಡಿ, ಆಮೇಲೆ "ಎಂಟು ಅಡಿ" ಎಂದಳು.

ಅವನು ತಲೆಯಾಡಿಸಿದ. "ಎಂಟಕ್ಕ ಇದು ಆಗಂಗಿಲ್ರೀ ಅಕ್ಕಾರ. ಕಾರಿನ ಟಪ್ಪ ಹೋಗಿ ಮ್ಯಾಲಿನ ಸೂರಿಗೆ ಬಡಿತೈತಿ. ಕತ್ತರೀದು ತಗೋರಿ, ಕುಂತ ಕೆಲಸ ಮಾಡ್ರಿ."

ಕೂತು ಮಾಡುವುದು ನಿಂತು ಮಾಡುವುದಲ್ಲ ಎಂದು ನನ್ನ ಮಗ ಹೇಳುತ್ತಾನೆ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. "ಚಲ್ ಅಜ್ಜಾ," ಎಂದಳು. ರಿಕ್ಷಾದಲ್ಲಿ ಬರುವಾಗ ಒಂದು ಕಡೆ ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಸದ್ದು ಕೇಳಿ "ಬೆಲ್ಟ್ ಸಡಿಲ ಉಂಟು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ದೀಪಾವಳಿ ಬಂತು. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಸ್ನಾನದ ಹಂಡೆ ತೊಳೆದು, ಹೂ ಹಾಕಿ ನೀರು ತುಂಬುವ ಕ್ರಮ. ಗೀಸರು ಬಂದ ಮೇಲೂ ಹೆಂಡತಿ ಅದನ್ನು ಬಿಟ್ಟಿಲ್ಲ. ಹಂಡೆ ಇದ್ದದ್ದು ಗ್ಯಾರೇಜಿನ ಅಟ್ಟದ ಮೇಲೆ. ಕ್ಯಾಂಟೀನು ಮುಚ್ಚಿದಾಗ ಅಲ್ಲಿನ ಪಾತ್ರೆ ಇಡಲು ನಾನೇ ಮಾಡಿಸಿದ ಮರದ ಅಟ್ಟ, ಗೋಡೆಯಿಂದ ಗೋಡೆಗೆ. ಕೊಪ್ಪರಿಗೆ, ಟೋಪು, ಇಡ್ಲಿ ತಟ್ಟೆ, ನನ್ನ ತೋಳಿನುದ್ದದ ಸೌಟು, ಎಲ್ಲ ಮೊಮ್ಮಗಳ ಮದುವೆಗೆಂದು ಅಲ್ಲಿದ್ದವು.

ಏಣಿ ಹತ್ತಿ ಒಳಗೆ ತೆವಳಿದೆ. ಸುಸ್ತಾಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಆಗ ಗೊತ್ತಾಯಿತು, ತಲೆಗೆ ಏನೂ ತಾಗುತ್ತಿಲ್ಲ. ಕೈ ಮೇಲೆತ್ತಿದೆ. ಕೈಗೂ ತಾಗಲಿಲ್ಲ. ಮನೆಯ ಹಿಂದಿನ ಮಾಲೀಕ ಟೆಂಪೊ ನಿಲ್ಲಿಸಲೆಂದು ಗ್ಯಾರೇಜನ್ನು ಎತ್ತರಕ್ಕೆ ಕಟ್ಟಿಸಿದ್ದ. ಅಟ್ಟ ಹಾಕಿಸಿದ ಮೇಲೆ ನನ್ನ ಲೆಕ್ಕದಲ್ಲಿ ಅಟ್ಟವೇ ಸೂರು ಆಗಿಬಿಟ್ಟಿತ್ತು.

ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆ ನನ್ನ ಎದುರಿಗೇ ಇತ್ತು. ಪಾಳಿಗೆ ಪಾಳಿ ಸಾಂಬಾರು ಕುದಿಸಿದ್ದು. ಅದರ ಅಂಚಿನ ಧೂಳು ಅಂಗಿಯಿಂದ ಒರೆಸಿದೆ. ಮತ್ತೆ ಒಂದು ಸಲ ಒರೆಸಿದೆ. ಆಮೇಲೆ ಇಳಿದು ಅಡಿಗೆಮನೆಗೆ ಹೋದೆ.

"ಅಟ್ಟ ತೆಗೆದ್ರೆ ಎತ್ತರ ಬೇಕಾದಷ್ಟು ಉಂಟು!" ಎಂದು ಘೋಷಿಸಿದೆ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಸೊಸೆ ಒಗ್ಗರಣೆ ನೋಡುತ್ತಲೇ ಇದ್ದಳು.

"ಹಂಡೆ ಎಲ್ಲಿ?" ಎಂದಳು ಹೆಂಡತಿ.

"ನಿಮ್ಗೆಲ್ಲ ಮೊದಲೇ ಗೊತ್ತಿತ್ತಾ?"

"ಗೊತ್ತುಂಟು ಮಾವ," ಎಂದಳು ಸೊಸೆ. "ಆದ್ರೆ ಅದು ನಿಮ್ಮ ಸಾಮಾನು ಅಲ್ವಾ..."

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ನಾನು ಟೇಪ್ ಹಿಡಿದಾಗ ಅಜ್ಜಿ ಹೇಳಿದ್ರು, ಅಟ್ಟದ ಕೆಳಗಿನವರೆಗೆ ಅಳೆ, ಅದರ ಮೇಲೆ ಇರುವುದು ನಿನ್ನಜ್ಜ ಅಂತ."

"ಮತ್ತೆ ಮದುವೆಗೆ ಪಾತ್ರೆ ಬೇಡ್ವಾ ಮಾರಾಯ್ತಿ?" ಎಂದು ಹೆಂಡತಿಯನ್ನು ಕೇಳಿದೆ.

"ಈಗ ಮದುವೆ ಹಾಲ್‌ನವರೇ ಎಲ್ಲ ತರ್ತಾರೆ. ನಿಮ್ಮ ಕೊಪ್ಪರಿಗೆ ಕಂಡ್ರೆ ಮದುಮಗ ವಾಪಸು ಓಡ್ತಾನೆ, ತನ್ನನ್ನೇ ಬೇಯಿಸ್ತಾರೆ ಅಂತ."

"ಅಜ್ಜಾ, ಶಾದಿ ಕಾ ಛೋಡ್," ಎಂದಳು ಮೊಮ್ಮಗಳು. "ನಂಗೆ ಲಿಫ್ಟ್ ಬೇಕು."

ಹಬ್ಬ ಮುಗಿದ ಮೇಲೆ ಅಟ್ಟ ಇಳಿಯಿತು. ಪಾತ್ರೆಗಳು ಡೊಂಬಿವಲಿಯ ನಮ್ಮ ಊರಿನವರ ಭಜನಾ ಮಂಡಳಿಗೆ ಹೋದವು. ಟೆಂಪೊದವನು ಕಟ್ಟಿದ ಹಗ್ಗವನ್ನು ನಾನು ಬಿಚ್ಚಿ ಮತ್ತೆ ಕಟ್ಟಿದೆ. ದೊಡ್ಡ ಕೊಪ್ಪರಿಗೆ ಟೆಂಪೊದಲ್ಲಿ ಹಿಡಿಸಲಿಲ್ಲ ಎಂದು ಹೆಂಡತಿ ಹೇಳಿದಳು. ಹಿಡಿಸುತ್ತಿತ್ತು.

ಡಿಸೆಂಬರಿನಲ್ಲಿ ಎರಡು ಕಂಬದ ಲಿಫ್ಟು ಬಂತು. ನೆಲವನ್ನೂ ಹಿಂದಿನ ಮಾಲೀಕ ಟೆಂಪೊಗೆಂದೇ ದಪ್ಪ ಹಾಕಿಸಿದ್ದರಿಂದ ಬೋಲ್ಟು ಗಟ್ಟಿ ಕೂತಿತು. ಕಂಬಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಮೊಮ್ಮಗಳು ಗುಂಡಿ ಒತ್ತಿದಳು. ಕಾರು ಹೋದದ್ದು ಆಗಲೇ ಹೇಳಿದ್ದೇನೆ, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ಮೇಲಕ್ಕೆ ಹೋಯಿತು. ಮಗ ಅದರ ಕೆಳಗೆ ಹೋಗಿ ನಿಂತ. ಅವನು ಸೈಲೆನ್ಸರನ್ನು ಬೆರಳಿನಿಂದ ತಟ್ಟಿ ನೋಡಿದ, ಒಂದು ಕಂಬವನ್ನು ನೂಕಿ ನೋಡಿದ, ಇಡ್ಲಿ ಬೇಯುವುದಕ್ಕಿಂತಲೂ ಹೆಚ್ಚು ಹೊತ್ತು ಅಲ್ಲೇ ಇದ್ದ. ಹೊರಗೆ ಬಂದು, "ಖಾರಘರದವನಿಗೆ ಇವಳು ಬರುವುದಿಲ್ಲ ಅಂತ ಫೋನ್ ಮಾಡ್ತೇನೆ," ಎಂದ. ನಾನು ಬೇರೆ ಬಾಗಿಲುಗಳಿಗೆ ಹೇಳಲು ಹೊರಟಿದ್ದು ಆಗಲೇ.

ಆ ಸಂಜೆ ಗ್ಯಾರೇಜಿನಲ್ಲೇ ಊಟ. ಕಾರು ಕೆಳಗಿಳಿಸಿ ಹೊರಗೆ ನಿಲ್ಲಿಸದೆ ಕೂರುವುದಿಲ್ಲ ಎಂದು ಹೆಂಡತಿ ಹಟ ಹಿಡಿದದ್ದರಿಂದ ಅದೂ ಆಯಿತು. ಕೊಪ್ಪರಿಗೆಯಲ್ಲಿ ನಾನು ಕಡಲೆಬೇಳೆ ಪಾಯಸ ಮಾಡಿದ್ದೆ. ಅದರಲ್ಲಿ ಐದು ಜನರ ಪಾಯಸ ಎಲ್ಲೋ ತಳದಲ್ಲಿ, ಬಾವಿಯ ನೀರಿನ ಹಾಗೆ ಕಾಣುತ್ತಿತ್ತು. ಮೊಮ್ಮಗಳ ಉಗುರಿನ ಕಪ್ಪು ಸೋಪಿಗೆ ಹೋಗಿರಲಿಲ್ಲ. ಸೊಸೆ ಅದನ್ನು ನೋಡಿಯೂ ಅನ್ನ ಬಡಿಸಿದಳು. ಮೊಮ್ಮಗಳು ಅನ್ನ, ಸಾಂಬಾರು, ಮೊಸರು ಎಲ್ಲ ಮುಗಿಸಿ ಪಾಯಸಕ್ಕೆ ಮತ್ತೆ ತಟ್ಟೆ ಚಾಚಿದಳು.

"ಅಜ್ಜಾ, ಔರ್ ಹೈ?"

"ಉಂಟು, ಉಂಟು," ಎಂದು ನಾನು ಸೌಟು ಹಿಡಿದು ಕೊಪ್ಪರಿಗೆಯೊಳಗೆ ಭುಜದವರೆಗೆ ಬಗ್ಗಿದೆ.