ನಾನು ಹೇಳದ ಹೆಸರು

ಮೊನ್ನೆ ಭಾನುವಾರ ದೊಡ್ಡ ಮೊಮ್ಮಗಳು ಉಗುರಿನ ಬಣ್ಣ ಅಳಿಸುವ ಬಾಟಲಿಯನ್ನು ಹಾಲ್‌ನಲ್ಲಿ ಕೂತು ತೆರೆದಳು. ನಾನು ಎದ್ದು ಹೋಗಿ ಕಿಟಕಿ ತೆಗೆದೆ. “ಅಜ್ಜಿ, ಇಷ್ಟು ಸ್ಮೆಲ್‌ಗೆ ಕ್ಯಾ ಹೋತಾ ಹೈ” ಎಂದು ಅವಳು ನಕ್ಕಳು. ಮಕ್ಕಳೇ, ಆ ವಾಸನೆ ಒಂಬತ್ತು ವರ್ಷ ನಿಮ್ಮ ಅಜ್ಜನ ಅಂಗಿಯಲ್ಲಿತ್ತು. ಸೋಪಿನ ಪುಡಿಯಲ್ಲಿ ನೆನೆಸಿ, ಮೂರು ನೀರಿನಲ್ಲಿ ಜಾಲಿಸಿ ಒಣಗಿಸಿದರೂ ಇಸ್ತ್ರಿ ಇಟ್ಟ ಕೂಡಲೇ ಮತ್ತೆ ಏಳುತ್ತಿತ್ತು. ಆದರೆ ಮೊನ್ನೆ ಆ ವಾಸನೆಗೆ ನನಗೆ ಮೊದಲು ನೆನಪಾದದ್ದು ನಿಮ್ಮ ಅಜ್ಜ ಅಲ್ಲ, ಬೇರೆ ಒಬ್ಬರು. ಅವರ ವಿಷಯವನ್ನು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಓದಲು ಕಷ್ಟವಾದರೆ ನಿಮ್ಮ ಅಪ್ಪ ಓದಿ ಹೇಳಲಿ. ಅವನಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಈಗ ನಮ್ಮ ಬಿಲ್ಡಿಂಗ್ ಇರುವ ಜಾಗದಲ್ಲೇ ಆಗ ಚಾಳು ಇತ್ತು. ಮಹಡಿಯ ಮೇಲೆ ನಮ್ಮದು ಒಂದು ಕೋಣೆಯ ಖೋಲಿ, ಪಕ್ಕದ ಖೋಲಿಯಲ್ಲಿ ಅವರು. ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ, ಇಲ್ಲಿ ಮುಂಬಯಿಯ ಒಂದು ಕನ್ನಡ ಪತ್ರಿಕೆಯಲ್ಲಿ ಕೆಲಸ. ಚಾಳಿನವರೆಲ್ಲ ಪೇಪರಕ್ಕ ಎನ್ನುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವರಾದರೂ ನಾನೂ ಅಕ್ಕ ಎಂದೆ. ಅವರೂ ನನ್ನನ್ನು ಅಕ್ಕಾ ಎಂದೇ ಕರೆದರು. ಹಾಗೆ ಇಬ್ಬರೂ ಅಕ್ಕಂದಿರಾಗಿಯೇ ಉಳಿದೆವು.

ಅವರಿಗೆ ಎರಡು ಬಗೆಯ ಕೆಲಸವಿತ್ತು. ವಾರವೆಲ್ಲ ತನಿಖೆಯ ವರದಿ. ರೇಷನ್ ಅಂಗಡಿಯ ಅಕ್ಕಿ ಹಿಂಬಾಗಿಲಿನಿಂದ ಎಲ್ಲಿಗೆ ಹೋಯಿತು, ಶಾಲೆಯ ಗೋಡೆ ಎರಡೇ ಮಳೆಗಾಲಕ್ಕೆ ಏಕೆ ಬಿತ್ತು ಎಂದು ಹುಡುಕಿಕೊಂಡು ಅಲೆಯುತ್ತಿದ್ದರು. ಭಾನುವಾರದ ಪುಟಕ್ಕೆ ಮಾತ್ರ ಯಾರಾದರೂ ಲೇಖಕರನ್ನು ಕಂಡು ಅವರ ಹೊಸ ಪುಸ್ತಕದ ಬಗ್ಗೆ ಮಾತಾಡಿಸಿ ಬರೆಯಬೇಕಿತ್ತು. ಕಳ್ಳರನ್ನು ಮಾತಾಡಿಸುವುದು ಸುಲಭ, ಪುಸ್ತಕ ಬರೆದವರನ್ನು ಮಾತಾಡಿಸುವುದೇ ಕಷ್ಟ, ಯಾಕೆಂದರೆ ಅವರು ನಿಲ್ಲಿಸುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು.

ಪುಸ್ತಕಗಳನ್ನು ಪೂರ್ತಿ ಓದಲು ಅವರಿಗೆ ಹೊತ್ತು ಸಿಗುತ್ತಿರಲಿಲ್ಲ. ಒಮ್ಮೆ ನಳದ ಸರದಿಯಲ್ಲಿ ನಾನು ಪುಸ್ತಕ ಹಿಡಿದು ನಿಂತು, ಕೊಡ ತುಂಬುವ ನನ್ನ ಸರದಿಯನ್ನೇ ಮರೆತದ್ದನ್ನು ನೋಡಿದರು. ಆ ಸಂಜೆ ಒಂದು ಕಾದಂಬರಿ ತಂದುಕೊಟ್ಟು, ಓದುವಾಗ ಎಲ್ಲಿ ಮನಸ್ಸು ನಿಲ್ಲುತ್ತದೋ ಅಲ್ಲಿ ಏನಾದರೂ ಗುರುತು ಇಡಿ ಎಂದರು. ನಾನು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಗಳನ್ನು ಮುರಿದು ಪುಟಗಳ ನಡುವೆ ಇಟ್ಟೆ. ಅವರು ಒಂದೊಂದೇ ಕಡ್ಡಿ ತೆಗೆದು, ಇಲ್ಲಿ ಏನು ಎಂದು ಕೇಳುತ್ತಿದ್ದರು. ನಾನು ನೆಲ ನೋಡಿಕೊಂಡು ಹೇಳುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಕಲಿತ ನನ್ನ ಮಾತನ್ನು ಅದಕ್ಕೆ ಮೊದಲು ಯಾರೂ ಬರೆದುಕೊಂಡದ್ದಿಲ್ಲ...

ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಊರಿನಿಂದ ಬಂದ ಒಬ್ಬ ದೊಡ್ಡ ಲೇಖಕರು ಗ್ರಾಂಟ್ ರೋಡಿನ ಲಾಡ್ಜಿನಲ್ಲಿ ಇಳಿದಿದ್ದರು. ನಾನು ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಸೆರಗು ಹೊದ್ದು ಕೂತೆ. ಅವರು ಅರ್ಧ ಗಂಟೆ ತಮ್ಮ ಕಾದಂಬರಿಯ ಬಗ್ಗೆ ತಾವೇ ಹೇಳಿದರು. ಆಮೇಲೆ ಪೇಪರಕ್ಕ ಕೇಳಿದರು: “ಸರ್, ನಿಮ್ಮ ಕಥಿಯೊಳಗ ಆ ಮನಿಯಾಗ ಹದಿನಾಲ್ಕು ಮಂದಿ ದಿನಾ ಉಣ್ತಾರ. ನೀರು ಯಾರು ತರ್ತಾರ್ರಿ?” ಅದು ನನ್ನ ಕಡ್ಡಿ ಇದ್ದ ಪುಟ. ಆ ಮನುಷ್ಯ ಪುಸ್ತಕ ತೆಗೆದು ಆ ಪುಟ ನೋಡಿದರು. ಆಮೇಲೆ ಮೆಲ್ಲಗೆ, ನಮ್ಮ ಅಮ್ಮ ತರುತ್ತಿದ್ದಳು, ಬರೆಯಲು ಮರೆತೆ ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಬರುವಾಗ ಲೋಕಲ್ ರೈಲಿನಲ್ಲಿ ಪೇಪರಕ್ಕ ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕರು. ನನ್ನ ಮುಂಬಯಿಯ ಜೀವನದಲ್ಲಿ ಅಷ್ಟು ಸಂತೋಷದ ದಿನ ಬಹಳ ಇಲ್ಲ.

ನಿಮ್ಮ ಅಜ್ಜನಿಗೆ ಕಾಲು ಜೋಮು ಹಿಡಿಯಲು ಶುರುವಾದದ್ದು ಅದರ ಮರುವರ್ಷ. ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಳೆಯಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಅವರ ಕೆಲಸ. ಲೋಹದ ಸಣ್ಣ ಸಣ್ಣ ಭಾಗಗಳನ್ನು ಡ್ರಮ್ಮಿನಲ್ಲಿದ್ದ ಒಂದು ದ್ರಾವಣದಲ್ಲಿ ಕೈಯಿಂದ ಅದ್ದಿ ತೊಳೆಯಬೇಕು. ಕಿಟಕಿ ಇಲ್ಲದ ಕೋಣೆ. ಅಲ್ಲಿ ಆ ದ್ರಾವಣವನ್ನು ಎಲ್ಲರೂ ‘ಪಾನಿ’ ಎಂದೇ ಕರೆಯುತ್ತಿದ್ದರಂತೆ. ಮೊದಲು ಬೆರಳ ತುದಿಗೆ ಬಿಸಿ ಗೊತ್ತಾಗಲಿಲ್ಲ. ಆಮೇಲೆ ದಾರಿಯಲ್ಲಿ ಚಪ್ಪಲಿ ಕಾಲಿನಿಂದ ಜಾರಿ ಹೋದದ್ದೂ ಗೊತ್ತಾಗದೆ ಬರಿಗಾಲಿನಲ್ಲಿ ಮನೆಗೆ ಬಂದರು. ಆರು ತಿಂಗಳಿಗೆ ಹಾಸಿಗೆ ಹಿಡಿದರು. ಡಾಕ್ಟರು ಆ ದ್ರಾವಣದ ಆವಿಯಿಂದ ನರ ಕೆಟ್ಟಿದೆ ಎಂದು ಬಾಯಲ್ಲಿ ಹೇಳಿದರು, ಕಾಗದದಲ್ಲಿ ಬರೆಯಲಿಲ್ಲ. ಮಾಲೀಕರು ಕುಡಿತದಿಂದ ಆದದ್ದು ಎಂದರು. ಕುಡಿತ! ನಿಮ್ಮ ಅಜ್ಜ ಹೋಟೆಲಿನ ಚಹಾವನ್ನೂ ಕುಡಿದವರಲ್ಲ.

ಪೇಪರಕ್ಕ ಸುಮ್ಮನಿರಲಿಲ್ಲ. ಒಳಗೆ ಇನ್ನೂ ಹನ್ನೊಂದು ಜನ ಅದೇ ಡ್ರಮ್ಮಿನ ಮುಂದೆ ನಿಂತಿದ್ದರು. ಅದನ್ನು ನಿಲ್ಲಿಸಬೇಕು, ಅಷ್ಟೇ ಅವರ ಹಟ. ಕೆಲಸಗಾರರು ಯಾರೂ ಬಾಯಿ ಬಿಡಲಿಲ್ಲ. ಗುತ್ತಿಗೆಯ ಕೆಲಸ, ಯಾರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ನಿಮ್ಮ ಅಜ್ಜನೂ ಅನ್ನ ಕೊಟ್ಟವರ ವಿರುದ್ಧ ಮಾತಾಡುವುದಿಲ್ಲ ಎಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು. ಕೊನೆಗೆ ಪೇಪರಕ್ಕ ನನ್ನನ್ನು ಕೇಳಿದರು. ಒಂದು ಮಧ್ಯಾಹ್ನ ಅವರ ಖೋಲಿಯಲ್ಲಿ ಕೂತು, ರೆಕಾರ್ಡಿಂಗ್ ಹಾಕಿದ ಫೋನು ಮುಂದಿಟ್ಟುಕೊಂಡು, ನಾನು ಎಲ್ಲ ಹೇಳಿದೆ. ಡ್ರಮ್ಮು, ಕಿಟಕಿ ಇಲ್ಲದ ಕೋಣೆ, ಚಪ್ಪಲಿ, ಅಂಗಿಯ ವಾಸನೆ. ಯಾರಾದರೂ ಕಡ್ಡಿ ಇಟ್ಟು ಕೇಳಿದ ಹಾಗೆ ಒಂದೊಂದೇ ಹೇಳುತ್ತ ಹೋದೆ. ಅಷ್ಟು ಹೊತ್ತು ನಾನು ಯಾರ ಎದುರೂ ಮಾತಾಡಿರಲಿಲ್ಲ.

ವರದಿ ಬಂತು. ಗಾಳೆಯ ಹೆಸರು, ಮಾಲೀಕರ ಹೆಸರು ಎಲ್ಲ ಇತ್ತು. ನಾಲ್ಕೇ ದಿನದಲ್ಲಿ ಮಾಲೀಕರ ವಕೀಲರಿಂದ ಪತ್ರಿಕೆಗೆ ನೋಟಿಸು ಬಂತು: ಇಂಥ ರೋಗಿ ಯಾರೂ ನಮ್ಮಲ್ಲಿ ಕೆಲಸ ಮಾಡಿಲ್ಲ, ಎಲ್ಲ ಕಟ್ಟುಕಥೆ, ಕ್ಷಮೆ ಕೇಳಿ ಇಲ್ಲವೇ ಕೋರ್ಟಿಗೆ ಬನ್ನಿ.

ಆ ಸಂಜೆ ಪೇಪರಕ್ಕ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ನನ್ನನ್ನು ಹೊರಗಿನ ಗ್ಯಾಲರಿಗೆ ಕರೆದು ಮೆಲ್ಲಗೆ ಹೇಳಿದರು: “ನಲವತ್ತು ನಿಮಿಷ ಮಾತಾಡೀರಿ ಅಕ್ಕಾ. ಒಂದ್ ಸಲನೂ ನಿಮ್ಮ ಯಜಮಾನರ ಹೆಸರು ಹೇಳಿಲ್ಲ. ‘ಇವರು, ಇವರು’ ಅಂತನ ಅಂದೀರಿ. ನನಗ ಗೊತ್ತಿತ್ತಲ್ಲ, ಅದಕ್ಕ ನಾನೂ ಕೇಳಲಿಲ್ಲ. ತಪ್ಪು ನಂದ. ಈಗ ಆಫೀಸಿಗೆ ಬಂದು ವಕೀಲರ ಮುಂದ ಹೆಸರು ಹೇಳಬೇಕಾಗ್ತದ.”

ಮಕ್ಕಳೇ, ಇದು ನಿಮಗೆ ನಗುವ ವಿಷಯ ಎನಿಸಬಹುದು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಳೆಯುತ್ತದೆ ಎಂದು ನನ್ನ ಅಮ್ಮ ಹೇಳಿದ್ದಳು, ಅವಳಿಗೆ ಅವಳ ಅಮ್ಮ. ಈ ಊರಿನಲ್ಲಿ ಎಲ್ಲ ಫಾರ್ಮಿನಲ್ಲೂ ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಸೇರಿಸುತ್ತಾರೆ. ನಾನು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ರೇಷನ್ ಕಾರ್ಡನ್ನು ಮುಂದೆ ಚಾಚಿ ಸುಮ್ಮನೆ ನಿಲ್ಲುತ್ತಿದ್ದೆ. ಅವರೇ ಓದಿಕೊಳ್ಳುತ್ತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷ ಹಾಗೇ ನಡೆದಿತ್ತು. ಆದರೆ ಆಗ ನಿಮ್ಮ ಅಜ್ಜ ಎದ್ದು ಓಡಾಡುತ್ತಿದ್ದರು. ಈಗ ಹಾಸಿಗೆಯಲ್ಲಿದ್ದರು. ಕಳೆಯಲು ಎಷ್ಟು ಆಯುಷ್ಯ ಉಳಿದಿದೆಯೋ ಯಾರಿಗೆ ಗೊತ್ತು...

ಆದರೂ ಹೋದೆ. ಪತ್ರಿಕೆಯ ಆಫೀಸಿನಲ್ಲಿ ಸಂಪಾದಕರು, ಪತ್ರಿಕೆಯ ಪರ ವಕೀಲರು, ಪೇಪರಕ್ಕ, ನಾನು. ವಕೀಲರು ಬೆಳಗಾವಿಯವರು, ವಯಸ್ಸಾದವರು, ಒಳ್ಳೆಯವರ ಹಾಗೇ ಕಂಡರು. ನಿಮ್ಮ ಯಜಮಾನರ ಹೆಸರು ಹೇಳಿ, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು ಹೇಳಿ, ಅಷ್ಟೇ ಸಾಕು ಎಂದರು. ನಾನು ಗಾಳೆಯ ಹೆಸರು ಹೇಳಿದೆ. ಗಂಡನ ಹೆಸರು ನಾಲಿಗೆಯ ತುದಿಯವರೆಗೂ ಬಂತು. ಆ ಹೊತ್ತಿಗೆ ಮನೆಯಲ್ಲಿ ಮಗ ಅವರಿಗೆ ಗಂಜಿ ಕುಡಿಸುತ್ತಿರಬೇಕು ಎಂದು ನೆನಪಾಯಿತು. “ಮಗನ ಅಪ್ಪ” ಎಂದೆ. ಇನ್ನೊಮ್ಮೆ ಕೇಳಿದರು. ನಾನು ರೇಷನ್ ಕಾರ್ಡು ಚಾಚಿದೆ. ವಕೀಲರು ಅದನ್ನು ಓದಿ ನನಗೇ ಮರಳಿ ಕೊಟ್ಟರು.

“ಇದರಾಗ ಹೆಸರೈತಿ, ಗಾಳೆ ಇಲ್ಲ. ನಿಮ್ಮ ಬಾಯಾಗ ಗಾಳೆ ಐತಿ, ಹೆಸರಿಲ್ಲ,” ಎಂದರು. ಸಹಿ ಹಾಕುತ್ತೇನೆ ಎಂದು ನಾನು ಹೇಳಿದೆ. “ಸಹಿ ಯಾರ್ ಬೇಕಾದ್ರೂ ಹಾಕ್ತಾರ ತಾಯಿ. ಕೋರ್ಟಿನ್ಯಾಗ ಎದುರಿನವರು ಮೊದಲು ಕೇಳೂದ ಇದನ್ನ. ಅಲ್ಲಿ ಹಿಂಗ ಕುಂತ್ರ, ಹೇಳಿಕೊಟ್ಟು ಕರಕೊಂಡು ಬಂದಾರ ಅಂತಾರ.”

ಪೇಪರಕ್ಕ ನನ್ನನ್ನು ಒತ್ತಾಯಿಸಲಿಲ್ಲ. ಎಷ್ಟೋ ಲೇಖಕರು ಬರೆಯದೆ ಬಿಟ್ಟದ್ದನ್ನು ಅವರ ಬಾಯಿಯಿಂದ ಹೊರಗೆ ತೆಗೆದವರು, ಆ ದಿನ ನನ್ನ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದರು. ಕೊನೆಗೆ ಸಂಪಾದಕರು ಎದ್ದು ನಿಂತರು. ವಾಪಸು ಬರುವಾಗ ಬೊರಿವಲಿಯ ಗಾಡಿ ಹತ್ತಿದ್ದೆವು, ಜನ ಇತ್ತು. ಮಲಾಡ್ ದಾಟಿದ ಮೇಲೆ ಪೇಪರಕ್ಕ ಹೇಳಿದರು: “ನಿಮ್ಮ ಜಾಗಾದಾಗ ನಮ್ಮವ್ವ ಇದ್ದಿದ್ರೂ ಹೇಳ್ತಿದ್ದಿಲ್ಲ ಬಿಡ್ರಿ.” ಅವರು ಬೈದಿದ್ದರೆ ನಾನು ಬದುಕುತ್ತಿದ್ದೆ.

ಮುಂದಿನ ವಾರ ಮೊದಲ ಪುಟದಲ್ಲಿ ಕ್ಷಮಾಪಣೆ ಬಂತು. ವರದಿ ಆಧಾರವಿಲ್ಲದ್ದು ಎಂದು, ಅದನ್ನು ಬರೆದವರ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಈ ಬರಹದಲ್ಲಿ ನಾನು ಅವರ ಹೆಸರು ಬರೆಯದೇ ಇರಲು ಅದೇ ಕಾರಣ. ಅವರ ಕೆಲಸ ಹೋಯಿತು. ಗಾಳೆ ನಡೆಯುತ್ತಲೇ ಇತ್ತು.

ಅದಾಗಿ ಹದಿನೈದು ದಿನಕ್ಕೆ ನಿಮ್ಮ ಅಜ್ಜನ ಜಾಗಕ್ಕೆ ನಮ್ಮ ಚಾಳಿನ ಕೆಳಗಿನ ಖೋಲಿಯವರೇ ಕೆಲಸಕ್ಕೆ ಸೇರಿದರು. ವಿಜಯಪುರದ ಕಡೆಯವರು, ಆಗ ಮದುವೆಯಾಗಿ ಎರಡು ವರ್ಷ. ನಾನು ನಳದ ಹತ್ತಿರ ಅವರ ಹೆಂಡತಿಯನ್ನು ನಿಲ್ಲಿಸಿ, ಅಲ್ಲಿಗೆ ಕಳಿಸಬೇಡ ಮಾರಾಯ್ತಿ ಎಂದೆ. “ಅದೆಲ್ಲಾ ಸುಳ್ಳು ಅಂತ ಪೇಪರಿನ್ಯಾಗ ಬಂದೈತಲ್ರೀ ಅಕ್ಕಾರ,” ಎಂದಳು. ನನ್ನ ಕೊಡ ತುಂಬಿ ಹರಿಯುತ್ತಿತ್ತು.

ನಾಲ್ಕು ತಿಂಗಳಿಗೆ ನಿಮ್ಮ ಅಜ್ಜ ಹೋದರು. ಮಲಗಿ ಮಲಗಿ ಎದೆಗೆ ಕಫ ಕಟ್ಟಿತ್ತು. ಮರಣದ ದಾಖಲೆಗೆ ವಾರ್ಡ್ ಆಫೀಸಿಗೆ ಹೋದಾಗ ಪೇಪರಕ್ಕ ನನ್ನ ಮೊಣಕೈ ಹಿಡಿದು ಬಂದಿದ್ದರು. ಕಿಟಕಿಯ ಆಚೆಯ ಗುಮಾಸ್ತ ತಲೆ ಎತ್ತದೆ ಮರಾಠಿಯಲ್ಲಿ ಹೆಸರು ಕೇಳಿದ. ನಾನು ಹೇಳಿದೆ. ಅವರ ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು, ಮೂರನ್ನೂ ಗಟ್ಟಿಯಾಗಿ, ಸ್ಪಷ್ಟವಾಗಿ. ಒಂದು ಕ್ಷಣವೂ ತಡವರಿಸಲಿಲ್ಲ. ಕಳೆಯುವುದಕ್ಕೆ ಇನ್ನು ಏನೂ ಇರಲಿಲ್ಲವಲ್ಲ. ನನ್ನ ಮೊಣಕೈ ಹಿಡಿದಿದ್ದ ಕೈ ಬಿಗಿಯಾಯಿತು. ಆಮೇಲೆ ನಿಧಾನವಾಗಿ ಸಡಿಲವಾಯಿತು. ನಾನು ಅವರ ಮುಖ ನೋಡಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಖೋಲಿಗೆ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಅಕ್ಕ, ಈಗ ಹೇಳುತ್ತೇನೆ, ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ ಎಂದೆ.

“ಈಗ ಯಾವ ಪೇಪರಿಗೆ ಕೊಡ್ಲಿ ಅಕ್ಕಾ?” ಎಂದರು.

ಅವರು ಪ್ರಯತ್ನ ಮಾಡದೆ ಇರಲಿಲ್ಲ. ಸುಳ್ಳು ಬರೆದವರು ಎಂದು ಒಮ್ಮೆ ಅಚ್ಚಾದ ಮೇಲೆ ಬೇರೆ ಯಾವ ಸಂಪಾದಕರೂ ಅವರನ್ನು ಕೂರಿಸಿ ಮಾತಾಡಲಿಲ್ಲ. ಸರಕಾರಿ ಕಚೇರಿಗೆ ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಭಾನುವಾರದ ಪುಟಕ್ಕೆ ಪುಸ್ತಕ ಕಳಿಸುತ್ತಿದ್ದ ಲೇಖಕರೂ ಕಳಿಸುವುದನ್ನು ಬಿಟ್ಟರು. ಮುಂದಿನ ಮಳೆಗಾಲಕ್ಕೆ ಮೊದಲೇ ಖೋಲಿ ಬಿಟ್ಟು ಧಾರವಾಡಕ್ಕೆ, ಅಣ್ಣನ ಮನೆಗೆ ಹೋದರು. ಹೋಗುವ ದಿನ ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಅವರು ಒಮ್ಮೆ ಬಾಗಿಲು ತಟ್ಟಿದರು. ನಾನು ತೆಗೆಯಲಿಲ್ಲ. ನಾಚಿಕೆ ಎಂದು ಆಗ ಅಂದುಕೊಂಡಿದ್ದೆ. ಅದು ನಾಚಿಕೆಯಲ್ಲ, ಹೇಡಿತನ.

ಆ ಗಾಳೆ ಈಗ ಇಲ್ಲಿಲ್ಲ. ಬೇರೆ ಕಡೆಗೆ ಹೋಗಿದೆಯಂತೆ, ಯಾವ ಹೆಸರಿನಲ್ಲಿ ನಡೆಯುತ್ತಿದೆಯೋ. ಕೆಳಗಿನ ಖೋಲಿಯವರು ಮಾತ್ರ ಇದ್ದಾರೆ. ಐದು ವರ್ಷ ಅಲ್ಲಿ ದುಡಿದರು, ಆಮೇಲೆ ಅವರ ಕಾಲೂ ಹೋಯಿತು. ನೀವು ಲಿಫ್ಟ್ ಅಂಕಲ್ ಎನ್ನುತ್ತೀರಲ್ಲ, ಎರಡು ಕೋಲು ಹಿಡಿದು ಕುರ್ಚಿಯಲ್ಲಿ ಕೂತಿರುತ್ತಾರಲ್ಲ, ಅವರೇ. ನಾನು ಹಾಲಿಗೆ ಹೋಗುವಾಗ ದಿನವೂ “ಆರಾಮೇನ್ರೀ ಅಕ್ಕಾರ” ಎಂದು ಕೇಳುತ್ತಾರೆ. ಆ ಕ್ಷಮಾಪಣೆ ಯಾರಿಂದಾಗಿ ಅಚ್ಚಾಯಿತು ಎಂದು ಅವರಿಗೆ ಗೊತ್ತಿಲ್ಲ.

ಅವರಿಗೆ ಹೇಳಿಬಿಡಬೇಕು ಎಂದು ಹೋದ ವರ್ಷ ಮನಸ್ಸು ಗಟ್ಟಿ ಮಾಡಿದೆ. ಅದಕ್ಕೂ ಮೊದಲು ಪೇಪರಕ್ಕನನ್ನು ಕೇಳಬೇಕು ಎನಿಸಿತು. ಹೇಳಿದರೆ ಲಿಫ್ಟ್ ಅಂಕಲ್ ಮನಸ್ಸಿಗೆ ಸಮಾಧಾನವೋ, ನನ್ನ ಮನಸ್ಸಿಗೋ, ಅದನ್ನು ಪೇಪರಕ್ಕ ಸರಿಯಾಗಿ ಕೇಳಿ ತಿಳಿಯುತ್ತಿದ್ದರು. ಕನ್ನಡ ಸಂಘದವರ ಕೈಕಾಲು ಹಿಡಿದು ಧಾರವಾಡದ ನಂಬರು ತರಿಸಿದೆ. ಫೋನು ಎತ್ತಿದ್ದು ಅವರ ಅಣ್ಣನ ಸೊಸೆ. ಅತ್ತೆ, ಅಂದರೆ ಪೇಪರಕ್ಕ, ತೀರಿಹೋಗಿ ಎರಡು ವರ್ಷವಾಯಿತು ಎಂದಳು. ತಾವು ಯಾರು ಎಂದು ಕೇಳಿದಳು. ನಾನು ಫೋನು ಇಟ್ಟೆ.

ಇವತ್ತು ಬೆಳಿಗ್ಗೆಯೂ ಲಿಫ್ಟ್ ಅಂಕಲ್ ಆರಾಮೇನ್ರೀ ಎಂದು ಕೇಳಿದರು. ಹ್ಞೂಂ ಎಂದು ಲಿಫ್ಟ್ ಹತ್ತಿದೆ.