ಇರಬೇಕು ಬಿಡಿ

ಚಂದ್ರಕಾಂತನ ಜೊತೆ ಕಾರಿನಲ್ಲಿ ಆಫೀಸಿಗೆ ಹೋಗುವುದೆಂದರೆ ಮೊದಲೆಲ್ಲ ನನಗೊಂದು ಶಿಕ್ಷೆ. ಗ್ರೇಟರ್ ನೋಯ್ಡಾದಲ್ಲಿ ನಾವಿಬ್ಬರೂ ಒಂದೇ ಸೊಸೈಟಿಯವರು, ದೆಹಲಿಯಲ್ಲಿ ಒಂದೇ ಸಚಿವಾಲಯದ ಸೆಕ್ಷನ್ ಆಫೀಸರುಗಳು. ಒಂದು ವಾರ ಅವನ ಕಾರು, ಒಂದು ವಾರ ನನ್ನದು. ದಾರಿ ಉದ್ದ, ಜಾಮ್ ಇನ್ನೂ ಉದ್ದ. ನಾನೋ ವಟವಟ ಅನ್ನುವವನು, ಅವನೋ ಏನು ಹೇಳಿದರೂ "ಹ್ಞೂಂ" ಅನ್ನುವವನು. ಮಂತ್ರಿಗಳು ಬದಲಾದರು ಅಂದರೂ ಹ್ಞೂಂ, ನನ್ನ ಮಗಳ ಮದುವೆ ಗೊತ್ತಾಯಿತು ಅಂದರೂ ಹ್ಞೂಂ. ಇವನನ್ನು ಕಟ್ಟಿಕೊಂಡು ಅಮಿತಾ ಹೇಗೆ ದಿನ ತಳ್ಳುತ್ತಾಳೋ ಎಂದು ನನ್ನ ಹೆಂಡತಿ ಪದ್ಮಾಳ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ. "ಅಮಿತಾ ಬಿಡಿ, ಸ್ಕೂಲಿಗೆ ಪಾಠ ಮಾಡೋಕೆ ಹೋಗ್ತಾಳೆ. ದಿನವೆಲ್ಲ ಮನೇಲಿ ಕೂತಿರೋ ಅವಳಮ್ಮನ ಗತಿ ಹೇಳಿ" ಅನ್ನುತ್ತಿದ್ದಳು ಪದ್ಮಾ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪರಿ ಚೌಕದ ಹತ್ತಿರ ಗಾಡಿಗಳೆಲ್ಲ ನಿಂತುಬಿಟ್ಟವು. ನಾನು ನನ್ನ ರಜೆಯ ಅರ್ಜಿಯ ಗೋಳು ಹೇಳಿಕೊಳ್ಳುತ್ತಿದ್ದೆ. ನಮ್ಮ ನಿರ್ದೇಶಕರಿಗೆ ಯಾವ ಕಾಗದ ಕೊಟ್ಟರೂ ಗಂಟಲು ಕೆರೆದು, ಮೂಗಿನಲ್ಲಿ "ಅಚ್ಛಾ... ದೇಖ್ತೇ ಹೈಂ" ಅನ್ನುತ್ತಾರೆ. ನೋಡೋಣ ಅಂದರೆ ಆ ಕಾಗದದ ಕತೆ ಮುಗಿಯಿತು. ನಾನು ಮಾತು ಮುಗಿಸುವಷ್ಟರಲ್ಲಿ ಕಾರಿನೊಳಗೇ ಯಾರೋ ಗಂಟಲು ಕೆರೆದು "ಅಚ್ಛಾ... ದೇಖ್ತೇ ಹೈಂ" ಅಂದರು. ನಾನು ಸೀಟಿನಲ್ಲಿ ನೆಟ್ಟಗೆ ಕೂತು ಕಾಲರ್ ಸರಿಮಾಡಿಕೊಂಡೆ. ನೋಡಿದರೆ ಸ್ಟೀರಿಂಗ್ ಹಿಡಿದ ಚಂದ್ರಕಾಂತ ಬಿಟ್ಟರೆ ಇನ್ನಾರೂ ಇಲ್ಲ.

ಆವತ್ತು ಕತೆ ಹೊರಬಂತು. ಹಾಸನದ ಕಾಲೇಜಿನಲ್ಲಿ ಈ ಆಸಾಮಿಯ ಹೆಸರೇ ಮಿಮಿಕ್ರಿ ಚಂದ್ರು. ಪ್ರಿನ್ಸಿಪಾಲರು, ಬಸ್ ಕಂಡಕ್ಟರು, ಹಾಸ್ಟೆಲಿನ ಅಡುಗೆಭಟ್ಟ, ಎಲ್ಲರೂ ಅವನ ಗಂಟಲಲ್ಲಿದ್ದರು. ದೆಹಲಿಗೆ ಬಂದ ಹೊಸತರಲ್ಲಿ ಕ್ಯಾಂಟೀನಿನಲ್ಲಿ ಸಾಹೇಬರೊಬ್ಬರ ದನಿ ತೆಗೆದಿದ್ದಾನೆ, ಸಾಹೇಬರು ಚಹಾ ಹಿಡಿದು ಹಿಂದೆಯೇ ನಿಂತಿದ್ದಾರೆ. ಮೆಮೋ ಬಂತು, ದಾಖಲೆ ಕೋಣೆಗೆ ವರ್ಗವಾಯಿತು. ಅಂದೇ ಬಾಯಿಗೆ ಬೀಗ ಹಾಕಿಕೊಂಡನಂತೆ. ಆಫೀಸಿಗೆಂದು ಹಾಕಿದ ಬೀಗವನ್ನು ಮನೆಯಲ್ಲಿ ತೆಗೆಯುವುದು ಮರೆತೇಹೋಯಿತು. ಹೀಗೆ ಇಪ್ಪತ್ತು ವರ್ಷದ ಮೇಲಾಯಿತು.

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಮಾರಾಯ್ರೇ, ಮಾಡಿ ಇನ್ನೊಂದು" ಅಂದೆ.

ಆಮೇಲೆ ಜಾಮ್ ಆದರೆ ನನಗೆ ಖುಷಿ. ಗಾಜು ಏರಿಸಿಕೊಂಡು ಚಂದ್ರಕಾಂತ ಸೊಸೈಟಿಯ ಗಾರ್ಡ್ ಆಗುತ್ತಿದ್ದ, ಮೂಲಂಗಿ ಮಾರುವ ಭಯ್ಯಾ ಆಗುತ್ತಿದ್ದ, ಬಾಗಿಲು ಮುಚ್ಚುತ್ತದೆ ಎನ್ನುವ ಲಿಫ್ಟಿನ ಹೆಣ್ಣುದನಿಯೂ ಆಗುತ್ತಿದ್ದ. ಮುಖಕ್ಕೆ ಕಳೆ ಬಂತು. ಮನೆಯಲ್ಲೂ ಶುರು ಮಾಡಿದ. ಮಗಳು ಧನ್ಯಾ ಹನ್ನೊಂದನೇ ಕ್ಲಾಸು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು, ತನ್ನ ಕೋಣೆಯ ಬಾಗಿಲು ತೆಗೆಯದವಳು. ಅಪ್ಪನ ಮೂಲಂಗಿ ಭಯ್ಯಾನನ್ನು ಕೇಳಲು ಅವಳು ಹಾಲಿಗೆ ಬಂದು ಕೂರತೊಡಗಿದಳಂತೆ. ಇದನ್ನು ಮಾತ್ರ ಅವನು ಯಾರ ದನಿಯನ್ನೂ ತೆಗೆಯದೆ ಸ್ವಂತ ದನಿಯಲ್ಲೇ ಹೇಳಿದ.

ನವೆಂಬರಿನಲ್ಲಿ ನಮ್ಮ ಸೊಸೈಟಿಯ ಕನ್ನಡದವರೆಲ್ಲ ಸೇರಿ ಕ್ಲಬ್‌ಹೌಸಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಈ ಸಲ ಚಂದ್ರಕಾಂತನ ಐಟಂ ಇರಲೇಬೇಕೆಂದು ಹಠ ಹಿಡಿದವನು ನಾನೇ. ನಿರ್ದೇಶಕರ ದನಿ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮನೆಯವರದ್ದು ಏನಾದರೂ ಮಾಡಿ ಅಂದವನೂ ನಾನೇ. ಅವನು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮತ್ತೆ ಇದ್ದಾರಲ್ಲ" ಅಂದ.

ಅತ್ತೆ ಅಂದರೆ ಸೀತಮ್ಮನವರು, ಅಮಿತಾಳ ತಾಯಿ. ಗಂಡ ತೀರಿಕೊಂಡ ಮೇಲೆ ಅರಸೀಕೆರೆಯಿಂದ ಮಗಳ ಮನೆಗೆ ಬಂದವರು. ಹಿಂದಿ ಬಾರದು, ಲಿಫ್ಟ್ ಅಂದರೆ ಹೆದರಿಕೆ. ಅದರ ಮೇಲೆ ಚಳಿಗಾಲದಲ್ಲಿ ಇಲ್ಲಿಯ ಗಾಳಿ ಎಷ್ಟು ಕೆಟ್ಟದ್ದೆಂದರೆ ಡಾಕ್ಟರು ಬಾಲ್ಕನಿಯ ಬಾಗಿಲನ್ನೂ ತೆಗೆಯಬೇಡಿ ಅಂದಿದ್ದಾರೆ. ಹೊರಗಿನ ಸುದ್ದಿ ಆಕೆಗೆ ತಿಳಿಯಬೇಕಾದರೆ ಯಾರಾದರೂ ಹೊರಗಿನಿಂದ ಬರಬೇಕು. ಸಂಜೆ ಅಳಿಯ ಬಂದು ಚಪ್ಪಲಿ ಬಿಡುವುದನ್ನೇ ಕಾಯುತ್ತಿರುತ್ತಾರೆ.

ಕ್ಲಬ್‌ಹೌಸಿಗೆ ಅವರು ಹೊಸ ಶಾಲು ಹೊದ್ದು ಬಂದರು. ಮೊಮ್ಮಗಳ ಕೈ ಹಿಡಿದು, ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡು ಇಳಿದರಂತೆ. ಮುಂದಿನ ಸಾಲಿನಲ್ಲಿ ಪದ್ಮಾಳ ಪಕ್ಕ ಕೂತರು, ಅವರ ಆಚೆ ಧನ್ಯಾ, ಪದ್ಮಾಳ ಈಚೆ ನಾನು.

ಚಂದ್ರಕಾಂತ ವೇದಿಕೆಗೆ ಬಂದು ಯಾರ ದನಿ ಎಂದು ಏನೂ ಹೇಳದೆ, ತಲೆಯ ಮೇಲೆ ಸೆರಗು ಎಳೆದುಕೊಂಡವರ ಹಾಗೆ ಕೈ ಮಾಡಿ ಶುರುಮಾಡಿದ.

"ಅಳಿಯಂದ್ರೇ, ಹೊರಗೆ ಚಳಿ ಇದ್ಯಾ?"

ಉತ್ತರಕ್ಕೆ ಕಾಯುವವರ ಹಾಗೆ ಸ್ವಲ್ಪ ಬಿಟ್ಟ. ಬಾಗಿಲ ಕಡೆ ಕತ್ತು ಚಾಚಿ, ದನಿ ಏರಿಸಿ, "ಅಳಿಯಂದ್ರೇ, ಚಳಿ ಇದ್ಯಾ ಹೊರಗೆ?" ಅಂದ. ಜನ ನಗಲು ಶುರುಮಾಡಿದರು. ಮತ್ತೆ ಬಿಟ್ಟ. ಮೂರನೇ ಸಲ ದನಿ ಇಳಿಸಿ, ಅರ್ಧ ತನಗೇ ಎಂಬಂತೆ, "ಚಳಿ ಇದ್ಯೇನೋ..." ಅಂದು, ಸೆರಗು ಸರಿಮಾಡಿಕೊಂಡು, "ಇರ್ಬೇಕು ಬಿಡಿ" ಅಂದ.

ಕ್ಲಬ್‌ಹೌಸ್ ಹಾರಿಹೋಗುವಂಥ ನಗು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀತಮ್ಮನವರೂ ನಗುತ್ತಿದ್ದರು. ತಮ್ಮ ದನಿಯನ್ನು ತಾವು ಯಾವತ್ತು ಹೊರಗಿನಿಂದ ಕೇಳಿದ್ದಾರೆ, ಗುರುತು ಹತ್ತಲು? ನಕ್ಕು ಕಣ್ಣೊರೆಸಿಕೊಂಡು ಪದ್ಮಾಳ ಕಡೆ ವಾಲಿ, "ಪಾಪ ಕಣಮ್ಮ, ಆ ಮುದುಕಿಗೆ ಯಾರಾದ್ರೂ ಒಂದು ಉತ್ತರ ಕೊಡಬಾರದಾ" ಅಂದರು.

ಧನ್ಯಾ ಒಳ್ಳೆಯ ಹುಡುಗಿ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. "ಅಜ್ಜಿ, ಆಪ್ ಹೀ ತೋ ಹೋ! ಅದು ನೀವೇ!" ಅಂದಳು.

ಸೀತಮ್ಮನವರ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ "ಹೌದಾ" ಅಂದು ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. ನನ್ನ ನಗು ಅರ್ಧಕ್ಕೇ ನಿಂತಿತು, ನಾಚಿಕೆಯಾಯಿತು. ವೇದಿಕೆಯ ಮೇಲಿನವನಿಗೆ ಇದೊಂದೂ ಕಾಣಲಿಲ್ಲ. ಒನ್ಸ್ ಮೋರ್ ಅಂದರು, ಅವನು ಮತ್ತೊಮ್ಮೆ ಮಾಡಿದ.

"ಇರ್ಬೇಕು ಬಿಡಿ" ಸೊಸೈಟಿಯಲ್ಲೆಲ್ಲ ಓಡಾಡತೊಡಗಿತು. ನೀರು ಬಂತಾ ಅಂದರೆ ಇರ್ಬೇಕು ಬಿಡಿ, ಕರೆಂಟ್ ಇದೆಯಾ ಅಂದರೆ ಇರ್ಬೇಕು ಬಿಡಿ. ಚಂದ್ರಕಾಂತ ಮಾತ್ರ ವಾರದೊಳಗೆ ಮತ್ತೆ ಹ್ಞೂಂಗೆ ಇಳಿದ. ಕಾರಿನಲ್ಲಿ ನಾನೇ ಕೆದಕಿದೆ.

"ಅತ್ತೆ ಈಗ ಏನೂ ಕೇಳಲ್ಲ, ಶಂಕರಪ್ಪನವರೇ" ಅಂದ. "ನಾನು ಬಂದ್ರೆ ಎದ್ದು ಒಳಗೆ ಹೋಗ್ತಾರೆ. ಸಿಟ್ಟಿಲ್ಲ, ತಟ್ಟೆ ಹಾಕ್ತಾರೆ, ಬಡಿಸ್ತಾರೆ. ಮಾತು ಮಾತ್ರ ಇಲ್ಲ. ನಾನು ತಮಾಷೆಗೆ ಮಾಡಿದ್ದು. ಅವರನ್ನ ಆಡಿಕೊಂಡೆ ಅಂದ್ಕೊಂಡ್ರು."

ನನಗೆ ಕೆಟ್ಟ ಸಿಟ್ಟು ಬಂತು, ಅವನ ಮೇಲೋ ನನ್ನ ಮೇಲೋ ಗೊತ್ತಿಲ್ಲ. "ಆಡಿಕೊಂಡಿದ್ದಕ್ಕಲ್ಲ ರೀ" ಅಂದೆ. ಆಕೆ ಪದ್ಮಾಳಿಗೆ ಹೇಳಿದ ಮಾತು ಹೇಳಿದೆ. "ಮೂರು ಸಲ ಕೇಳೋದನ್ನ ಅಷ್ಟು ಚೆನ್ನಾಗಿ ಮಾಡಿದ್ರಲ್ಲ, ಮೂರು ಸಲ ಯಾಕೆ ಕೇಳ್ತಾರೆ?"

ಶುರು ಮಾಡಿದ ಮೇಲೆ ಇನ್ನೊಂದನ್ನೂ ಹೇಳಿಬಿಟ್ಟೆ, ಹೇಳಬಾರದಿತ್ತೇನೋ. ರಾಜ್ಯೋತ್ಸವಕ್ಕೆ ಮುಂಚಿನ ವಾರಗಳಲ್ಲಿ ಅವನು ಅತ್ತೆಯ ದನಿ ಹಿಡಿಯಲೆಂದು ಬಾಗಿಲಲ್ಲೇ ನಿಂತು, ಮುಖ ನೋಡುತ್ತ, ಆಕೆ ಕೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. ಆಗ ಸೀತಮ್ಮನವರು ಪದ್ಮಾಳ ಹತ್ತಿರ, "ಅಳಿಯಂದ್ರು ಈಗ ಬದಲಾಗಿದಾರಮ್ಮ. ಉತ್ತರ ಕೊಡದಿದ್ರೂ ನಿಂತು ಕೇಳ್ತಾರೆ" ಎಂದು ಸಂತೋಷಪಟ್ಟಿದ್ದರು.

ಚಂದ್ರಕಾಂತ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಹಿಂದಿನವರು ಹಾರ್ನ್ ಹೊಡೆದರು. "ಇನ್ನು ಈ ದರಿದ್ರ ಕೆಲಸ ಬೇಡ" ಅಂದ. ನಿಜಕ್ಕೂ ಬಿಟ್ಟುಬಿಟ್ಟ. ಮೂಲಂಗಿ ಭಯ್ಯಾ ಹೋದ, ಲಿಫ್ಟಿನ ಹೆಂಗಸು ಹೋದಳು. ಧನ್ಯಾ ಕೇಳಿ ಕೇಳಿ ಸಾಕಾಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವನೋ ಪ್ರಾಯಶ್ಚಿತ್ತಕ್ಕೆಂಬಂತೆ ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ "ಅತ್ತೆ, ಇವತ್ತು ಹೊರಗೆ ತುಂಬಾ ಚಳಿ" ಎಂದು ವರದಿ ಒಪ್ಪಿಸುತ್ತಿದ್ದ. ಒಳಗಿನಿಂದ ಸೀತಮ್ಮನವರು "ಹ್ಞೂಂ" ಅನ್ನುತ್ತಿದ್ದರಂತೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ನಾನೂ ಪದ್ಮಾಳೂ ಅವರ ಮನೆಗೆ ಹೋದೆವು. ಕಿಟಕಿಯಾಚೆ ಮಂಜೋ ಹೊಗೆಯೋ, ಎದುರಿನ ಟವರೇ ಕಾಣುತ್ತಿರಲಿಲ್ಲ. ಅಮಿತಾ ಚಹಾ ತಂದಳು. ಏನು ಮಾತಾಡಿದರೂ ಎರಡೇ ಮಾತಿಗೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಸೋಫಾದ ಮೂಲೆಯಲ್ಲಿದ್ದ ಸೀತಮ್ಮನವರು, "ಅಳಿಯಂದ್ರೇ, ಈಗ ಯಾಕೆ ಮಾಡಲ್ಲ ನೀವು, ಆ ದನಿ?" ಅಂದರು.

ಎರಡು ತಿಂಗಳಲ್ಲಿ ಆಕೆ ಕೇಳಿದ ಮೊದಲ ಪ್ರಶ್ನೆ. ಚಂದ್ರಕಾಂತ ಎಷ್ಟು ಬೇಗ ಉತ್ತರ ಕೊಟ್ಟನೆಂದರೆ ಕೈಯ ಚಹಾ ತುಳುಕಿತು. "ಇಲ್ಲ ಅತ್ತೆ, ಬಿಟ್ಟುಬಿಟ್ಟೆ. ತಪ್ಪಾಯ್ತು."

"ತಪ್ಪು ಯಾಕೆ? ಮಗು ಹೊರಗೆ ಬಂದು ಕೂರ್ತಿತ್ತು, ಮನೇಲಿ ಸದ್ದಿತ್ತು" ಅಂದರು ಆಕೆ. "ನಂದೇ ಮಾಡಿ. ಆವತ್ತು ಜನರ ನಗುವಿನಲ್ಲಿ ಸರಿಯಾಗಿ ಕೇಳಿಸಲಿಲ್ಲ."

ಅವನು ಅಮಿತಾಳ ಮುಖ ನೋಡಿದ, ನನ್ನ ಮುಖ ನೋಡಿದ. ಧನ್ಯಾ ಬಾಗಿಲಲ್ಲಿ ಬಂದು ನಿಂತಿದ್ದಳು. ಕೊನೆಗೆ ಎದ್ದ. ಸೆರಗಿನ ಅಭಿನಯ ಮಾಡಲು ಎತ್ತಿದ ಕೈಯನ್ನು ಇಳಿಸಿಬಿಟ್ಟ. ದನಿ ಮಾತ್ರ ತಪ್ಪಲಿಲ್ಲ, ಅದೇ ಎಳೆತ, ಅದೇ ನಡುಕ.

"ಅಳಿಯಂದ್ರೇ, ಹೊರಗೆ ಚಳಿ ಇದ್ಯಾ?"

ಎರಡನೇ ಸಲ ಕೇಳುವ ಮುಂಚೆ ಅವನು ಸ್ವಲ್ಪ ಬಿಡುವ ಜಾಗ ಬಂತು. ಸೀತಮ್ಮನವರು ಮುಂದಕ್ಕೆ ಬಾಗಿ, ಎದುರಿಗಿದ್ದ ಯಾವುದೋ ಮುದುಕಿಗೆ ಹೇಳುವಂತೆ ಮೆಲ್ಲಗೆ ಅಂದರು: "ಇದೆ ಕಣಮ್ಮ, ತುಂಬಾ ಇದೆ. ಶಾಲು ಹೊದ್ಕೋ."

ಯಾರೂ ನಗಲಿಲ್ಲ. ಚಂದ್ರಕಾಂತನಿಗೆ ಮುಂದೆ ಮಾಡಲು ಏನೂ ಉಳಿದಿರಲಿಲ್ಲ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತುಕೊಂಡ. ನಾವು ಹೊರಡುವಾಗಲೂ ಅಲ್ಲೇ ಕೂತಿದ್ದ.