ಎಂಟರಿಂದ ಹದಿನೈದು

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ವಿಲೆ ಪಾರ್ಲೆಯ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಒಂದೇ ಪ್ರಶ್ನೆ: ನಾಳೆಗೆ ಎಷ್ಟು ಅಕ್ಕಿ ನೆನೆಹಾಕುವುದು? ಅದಕ್ಕೆ ಉತ್ತರ ಹೇಳಬೇಕಾದವನು ನಾನು. ಕಾಲೇಜಿಗೆ ಪರೀಕ್ಷೆಯೋ ರಜೆಯೋ, ಮೋಡ ಎಷ್ಟಿದೆ, ಲೋಕಲ್ ರೈಲು ಸರಿಯಾಗಿ ಓಡುತ್ತದೋ ಇಲ್ಲವೋ ಎಂಬುದನ್ನೆಲ್ಲ ತಲೆಯಲ್ಲಿ ತಿರುವಿ, ಮೂವತ್ತು ಕಿಲೋ ಸಾಕಾಗಬಹುದು, ನಲವತ್ತೂ ಬೇಕಾಗಬಹುದು ಎಂದುಕೊಂಡು, ಮೂವತ್ತೈದು ನೆನೆಹಾಕಿಸುತ್ತೇನೆ. ಹಿಟ್ಟು ಮುಗಿದರೆ ಉಪ್ಪಿಟ್ಟಿಗಿರಲಿ ಎಂದು ರವೆ ಹುರಿದಿಡುವುದು, ಉಳಿದು ಹುಳಿಯಾದರೆ ಉತ್ತಪ್ಪಕ್ಕಿರಲಿ ಎಂದು ಈರುಳ್ಳಿ ತರಿಸಿಡುವುದು, ಇವೂ ನನ್ನ ಕೆಲಸವೇ.

ಆದರೆ ಈ ಅನುಮಾನವೆಲ್ಲ ಅಡುಗೆಮನೆಯ ಬಾಗಿಲಿನವರೆಗೆ ಮಾತ್ರ. ಹೊರಗೆ ಗಿರಾಕಿ "ಕಿತನಾ ಟೈಮ್?" ಎಂದರೆ "ಪಾಂಚ್ ಮಿನಿಟ್" ಎನ್ನಬೇಕು. ನಾಲ್ಕೂ ಆಗಬಹುದು, ಹದಿನಾಲ್ಕೂ ಆಗಬಹುದು ಎನ್ನುವವನ ಟೇಬಲಿಗೆ ಯಾರು ಬರುತ್ತಾರೆ, ನೀವೇ ಹೇಳಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆಮೇಲೆ ಕಲಿತ ದೊಡ್ಡ ವಿದ್ಯೆಯೆಂದರೆ ಇದು: ಸಂಶಯ ಒಳಗಿರಲಿ, ಮಾತು ಒಂದೇ ಇರಲಿ. ಆ ವಿದ್ಯೆಯನ್ನು ನಾನು ಒಡಹುಟ್ಟಿದ ತಂಗಿಯ ಮೇಲೂ ಪ್ರಯೋಗಿಸಿಬಿಟ್ಟೆ.

ತಂಗಿ ಸುಮತಿ ಇರುವುದು ವಿಕ್ರೋಳಿಯಲ್ಲಿ. ಏಳು ವರ್ಷಗಳ ಹಿಂದೆ, ನಲವತ್ತೆರಡರ ಪ್ರಾಯದಲ್ಲಿ, ಅವಳ ಹೃದಯದ ಒಂದು ವಾಲ್ವ್ ಕೆಟ್ಟು ಬೇರೆಯದನ್ನು ಕೂರಿಸಬೇಕಾಯಿತು. ಭಾವನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಡಾಕ್ಟರರ ಬಾಗಿಲು ಕಂಡದ್ದೇ ಅವಳು ಬೆಂಚಿನ ಮೇಲೆ ಕುಸಿದು, "ನೀನೇ ಕೇಳಿ ಬಾ ಅಣ್ಣ, ನನಗೆ ಕೈಕಾಲು ನಡುಗ್ತದೆ" ಎಂದಳು.

ಒಳಗೆ ಡಾಕ್ಟರು ತಾಳ್ಮೆಯಿಂದಲೇ ವಿವರಿಸಿದರು. ಲೋಹದ ವಾಲ್ವ್ ಬಹುಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಡುವ ಮಾತ್ರೆ ಜೀವನಪೂರ್ತಿ, ಆಗಾಗ ರಕ್ತಪರೀಕ್ಷೆ, ಗಾಯವಾದರೆ ರಕ್ತ ನಿಲ್ಲದ ಭಯ. ಪ್ರಾಣಿಯ ಅಂಗಾಂಶದಿಂದ ಮಾಡಿದ್ದಕ್ಕೆ ಆ ಕಾಟ ಕಡಿಮೆ, ಆದರೆ ಸವೆಯುತ್ತದೆ. ಎಷ್ಟು ವರ್ಷಕ್ಕೆ ಎಂದು ಕೇಳಿದೆ. "ಎಂಟರಿಂದ ಹದಿನೈದು. ಪ್ರಾಯ ಕಡಿಮೆ ಇದ್ದವರಲ್ಲಿ ಇನ್ನೂ ಬೇಗ ಸವೆಯಬಹುದು. ಆಗ ಮತ್ತೆ ಆಪರೇಷನ್. ಖಚಿತವಾಗಿ ಹೇಳಲಾಗದು" ಎಂದರು. ನನಗೆ ರೇಗಿತು. ಇಷ್ಟೆಲ್ಲ ಓದಿದವರಿಗೆ ಒಂದು ಅಂಕೆ ಹೇಳಲು ಏನು ಧಾಡಿ? ಎಂಟೆಲ್ಲಿ, ಹದಿನೈದೆಲ್ಲಿ!

ಹೊರಗೆ ಬಂದೆ. ಲೋಹದ್ದಕ್ಕೆ ಜೀವನಪೂರ್ತಿ ಮಾತ್ರೆ, ಪ್ರಾಣಿಯದ್ದಕ್ಕೆ ಆ ಕಾಟ ಕಡಿಮೆ, ಆದರೆ ಸವೆಯುತ್ತದೆ ಎಂದೆ. ಸುಮತಿ ಕತ್ತೆತ್ತಿ ನನ್ನ ಮುಖವನ್ನೇ ನೋಡಿದಳು.

"ಪ್ರಾಣಿಯದ್ದು ಎಷ್ಟು ವರ್ಷ ಬರ್ತದಂತೆ?"

"ಹದಿನೈದು."

ಅಷ್ಟೇ. ಅವಳು ಪ್ರಾಣಿಯದ್ದನ್ನೇ ಆರಿಸಿದಳು.

ಈ ವರ್ಷ ಸ್ಟೇಷನ್ನಿನ ಬ್ರಿಜ್ಜಿನ ಅರ್ಧ ಮೆಟ್ಟಿಲಲ್ಲಿ ಅವಳಿಗೆ ಉಸಿರು ಸಿಗದಾಯಿತು. ವಾಲ್ವ್ ಸೋರುತ್ತಿದೆ, ಮತ್ತೆ ಎದೆ ತೆರೆಯಬೇಕು ಎಂದರು. ನನಗೆ ಆ ಸುದ್ದಿಗಿಂತ ಹೆಚ್ಚು ಚುಚ್ಚಿದ್ದು ಅವಳ ಮಾತು: "ಹದಿನೈದು ವರ್ಷದ್ದನ್ನು ನಾನೇ ಏಳಕ್ಕೆ ಹಾಳು ಮಾಡಿಕೊಂಡೆ ಅಣ್ಣ. ನೀರಿನ ಬಕೆಟ್ ಎತ್ತಬಾರದಿತ್ತು." ನಾನು ಅವಳಿಗೆ ಕಿತ್ತಳೆ ಸುಲಿದು ಕೊಟ್ಟೆ.

ಅವಳ ಮಗಳು ರಶ್ಮಿಗೆ ಕೆಲಸವಿರುವುದು ಒಂದು ವಿಚಿತ್ರ ಕಚೇರಿಯಲ್ಲಿ. ಯಾವ ಚಿಕಿತ್ಸೆಗೆ ಖರ್ಚು ಮಾಡಿದರೆ ಜನರಿಗೆ ಎಷ್ಟು ಒಳ್ಳೆಯ ದಿನಗಳು ಸಿಗುತ್ತವೆ ಎಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುತ್ತಾರೆ. ಒಂದು ಭಾನುವಾರ ಹೋದಾಗ ಅವಳ ಮುಂದಿದ್ದದ್ದು ಈ ಎರಡು ವಾಲ್ವ್‌ಗಳದೇ ಲೆಕ್ಕ. ಒಂದೇ ಲೆಕ್ಕವನ್ನು ಅಂಕೆ ಬದಲಿಸಿ ಬದಲಿಸಿ ಸಾವಿರ ಸಲ ಮಾಡಿಸುತ್ತಾಳಂತೆ.

"ಸಾವಿರ ಸಲ ಮಾಡಿ ಕೊನೆಗೆ ಹೀಗೂ ಆಗಬಹುದು, ಹಾಗೂ ಆಗಬಹುದು ಅಂತ ಬರೆಯುದಕ್ಕೆ ನಿನಗೆ ಸಂಬಳವಾ ಮಾರಾಯ್ತಿ? ನಮ್ಮಲ್ಲಿ ಆದ್ರೆ ದೋಸೆ ಹುಯ್ಯಲಿಕ್ಕೂ ಇಟ್ಟುಕೊಳ್ಳುದಿಲ್ಲ."

"ಅರೇ ಮಾಮ, ನೀವು ರೋಜ್ ಅಕ್ಕಿ ನೆನೆಹಾಕುವಾಗ ಮತ್ತೇನು ಮಾಡ್ತೀರಿ? ಸೇಮ್ ತೋ ಹೈ!" ಎಂದು ನಕ್ಕಳು. "ಎಲ್ಲ ಅಂದಾಜೇ ಇದು. ಯಾವ ಅಂದಾಜು ತಪ್ಪಿದ್ರೆ ಆನ್ಸರ್ ಪೂರಾ ಉಲ್ಟಾ ಆಗ್ತದೆ, ಅದನ್ನು ಹುಡುಕೋದು ನನ್ನ ಕೆಲಸ. ಇಲ್ಲಿ ನೋಡಿ, ವಾಲ್ವ್ ಎಷ್ಟು ವರ್ಷ ಬರ್ತದೆ ಅಂತ. ಹದಿನೈದು ಹಾಕಿದ್ರೆ ಪ್ರಾಣಿದು ಮೇಲೆ. ಈಗ ಎಂಟು ಹಾಕ್ತೇನೆ."

ಒಂದು ಕೀಲಿ ಒತ್ತಿದಳು. ಪರದೆಯ ಮೇಲೆ ಮೇಲಿದ್ದ ಗೆರೆ ಕೆಳಗೆ ಬಂತು, ಕೆಳಗಿದ್ದದ್ದು ಮೇಲೆ ಹೋಯಿತು. ಬೇರೇನನ್ನೂ ಅವಳು ಮುಟ್ಟಿರಲಿಲ್ಲ. ಏಳು ವರ್ಷದ ಹಿಂದೆ ಆ ಬೆಂಚಿನ ಮುಂದೆ ನಿಂತು ನಾನು ಒತ್ತಿದ ಕೀಲಿ ಅದೇ ಆಗಿತ್ತು.

"ಎರಡೂ ಅಂಕೆ ಗೊತ್ತಿದ್ದವರು ಯಾವುದನ್ನು ಆರಿಸ್ತಿದ್ರು?" ಎಂದೆ.

"ಅದು ಅವರವರಿಗೆ ಬಿಟ್ಟದ್ದು ಮಾಮ. ಅವರನ್ನೇ ಕೇಳ್ಬೇಕು, ಪೂಛ್‌ನಾ ಪಡೇಗಾ."

ನೋಡಿ, ಅಲ್ಲಿಯೂ ಉತ್ತರವಿಲ್ಲ! ಮಾತ್ರೆ, ಸೂಜಿ ಎಂದರೆ ಓಡುವ ಸುಮತಿ ನಿಜ ತಿಳಿದರೂ ಪ್ರಾಣಿಯದ್ದನ್ನೇ ಕೇಳುತ್ತಿದ್ದಳೇನೋ. ಹಾಗಿದ್ದರೆ ನನ್ನ ಸುಳ್ಳಿನಿಂದ ಕೆಟ್ಟದ್ದು ಏನೂ ಇಲ್ಲ. ಕೇಳದೆಯೂ ಇರುತ್ತಿದ್ದಳೇನೋ, ಹಾಗಿದ್ದರೆ ಅವಳ ಎದೆಯ ಎರಡನೆಯ ಗಾಯ ನನ್ನ ನಾಲಿಗೆಯದು. ಮಾಡಿದ ತಪ್ಪನ್ನಾದರೂ ಇಂತಿಷ್ಟು ಎಂದು ಅಳೆದು ತಲೆಯ ಮೇಲೆ ಹೊತ್ತುಕೊಳ್ಳೋಣವೆಂದರೆ ಅದಕ್ಕೂ ಎಂಟರಿಂದ ಹದಿನೈದರ ಕಾಟ. ಆದರೆ ಒಂದರಲ್ಲಿ ಸಂಶಯವಿಲ್ಲ. ಆರಿಸುವ ಹಕ್ಕು ಅವಳದಾಗಿತ್ತು, ಅದನ್ನು ನಾನು ಬೆಂಚಿನವರೆಗೆ ತಲುಪಿಸಲಿಲ್ಲ.

ಮೊನ್ನೆ ಮತ್ತೆ ಅದೇ ಆಸ್ಪತ್ರೆ, ಮತ್ತೆ ಅದೇ ಆಯ್ಕೆ. "ನೀನೇ ಕೇಳಿ ಬಾ ಅಣ್ಣ" ಎಂದಳು. ನಾನು ಅವಳ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ.

"ನನ್ನನ್ನೂ ಗಿರಾಕಿ ಮಾಡಿದೆಯಲ್ಲ" ಎಂದಳು. "ಇಷ್ಟು ದಿನ ನಾನು ನನ್ನನ್ನೇ ಬೈದುಕೊಂಡದ್ದು. ನೀನು ಕೇಳುತ್ತಾ ಕೂತಿದ್ದಿ."

ಕಂಪೌಂಡರ್ ಹೆಸರು ಕೂಗಿದ. ನಾನು ರೂಢಿಯಂತೆ ಎದ್ದೆ. ಅವಳು ನನ್ನ ಹೆಗಲನ್ನು ಒತ್ತಿ ಕೂರಿಸಿ, "ನೀನು ಕೂತ್ಕೋ" ಎಂದು, ಗೋಡೆ ಹಿಡಿದುಕೊಂಡು ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿರುಗಿ ಬಂದವಳು, ನಾನು ಬಾಯಿ ತೆರೆಯುವ ಮೊದಲೇ, "ಪೂರ್ತಿ ಕೇಳು, ನಡುವೆ ಬಾಯಿ ಹಾಕಬೇಡ" ಎಂದಳು. ಲೋಹದ್ದರಲ್ಲಿ ಒಳ್ಳೆಯದಾದರೆ ಏನು, ಕೆಟ್ಟದಾದರೆ ಏನು, ಪ್ರಾಣಿಯದ್ದರಲ್ಲಿ ಏನು, ಈ ಸಲದ ಆಪರೇಷನ್ನಿನ ಅಪಾಯವೇನು ಎಂದು ಬೆರಳು ಮಡಿಚುತ್ತಾ, ಒಂದೇ ಒಂದು 'ಆಗಬಹುದು'ವನ್ನೂ ಬಿಡದೆ ಹೇಳಿದಳು. ಏಳು ವರ್ಷದ ಹಿಂದೆ ನನ್ನಿಂದ ಆಗದೆ ಹೋದ ಕೆಲಸ ಅದು. ಅವಳ ದನಿ ಒಮ್ಮೆಯೂ ನಡುಗಲಿಲ್ಲ.

"ಯಾವುದು ಅಂತ ಹೇಳಿದೆ?"

"ಇನ್ನೂ ಹೇಳಲಿಲ್ಲ. ಯೋಚನೆ ಮಾಡಲಿಕ್ಕೆ ಎರಡು ದಿನ ಕೇಳಿದ್ದೇನೆ."

ಇವತ್ತು ಆ ಎರಡನೆಯ ದಿನ. ಬೆಳಗ್ಗಿನಿಂದ ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಕಾಯುವುದೆಂದರೆ ಮೈಯೆಲ್ಲ ಉರಿಯುತ್ತದೆ. ಉರಿಯಲಿ. ಅವಳು ಇನ್ನೂ ಯೋಚಿಸುತ್ತಿದ್ದಾಳೆ.